ಮರಳು ನಮ್ಮದು, ಮ್ಯಾಗ್ನೆಟ್ ಚೀನಾದ್ದು: ಒಳಕೋಣೆಯ ಎಲೆಕ್ಟ್ರಾನ್‌ಗಳ ಕಥೆ

ಕೆಟ್ಟುಹೋದ ಹಾರ್ಡ್‌ಡಿಸ್ಕ್ ಒಂದು ಮನೆಯಲ್ಲಿ ಬಿದ್ದಿತ್ತು. ಒಂದು ಭಾನುವಾರ ಸುಮ್ನೆ ಬಿಚ್ಚಿ ನೋಡೋಣ ಅನಿಸಿತು. ಸ್ಕ್ರೂ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆ. ಅದರ ಪಕ್ಕದಲ್ಲಿ ಬಾಗಿದ ಎರಡು ಬೆಳ್ಳಿ ಬಣ್ಣದ ಬಿಲ್ಲೆಗಳು. ಒಂದನ್ನು ಕಿತ್ತು ಕೈಯಲ್ಲಿ ಹಿಡಿದಿದ್ದೆ. ಇನ್ನೊಂದನ್ನು ಹತ್ತಿರ ತಂದದ್ದೇ ತಡ, ಎರಡೂ ಛಟ್ಟನೆ ಕೂಡಿಕೊಂಡವು. ನಡುವೆ ನನ್ನ ಬೆರಳಿನ ಚರ್ಮ. ರಕ್ತ ಹೆಪ್ಪುಗಟ್ಟಿದ ಕಲೆ ಒಂದು ವಾರ ಹೋಗಲಿಲ್ಲ.

ಅದು ನಿಯೋಡಿಮಿಯಂ ಮ್ಯಾಗ್ನೆಟ್. ಎರಡು ಪಾಲು ನಿಯೋಡಿಮಿಯಂ ಪರಮಾಣು, ಹದಿನಾಲ್ಕು ಪಾಲು ಕಬ್ಬಿಣ, ಒಂದು ಪಾಲು ಬೋರಾನ್. ಇಯರ್‌ಫೋನಿನಲ್ಲಿ ಇರುವುದೂ ಇದೇ ಜಾತಿಯದು, ಎಲೆಕ್ಟ್ರಿಕ್ ಕಾರು, ಸ್ಕೂಟರುಗಳ ಮೋಟರಿನಲ್ಲಿ ಇರುವುದೂ ಇದೇ. 2025ರ ಏಪ್ರಿಲ್ 4ರಂದು ಚೀನಾ ಏಳು ರೇರ್ ಅರ್ಥ್ ಲೋಹಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ರೇರ್ ಅರ್ಥ್ ಎಂದರೆ ಒಂದನ್ನೊಂದು ಹೋಲುವ ಹದಿನೇಳು ಲೋಹಗಳ ಗುಂಪು, ನಿಯೋಡಿಮಿಯಂ ಕೂಡ ಅದರಲ್ಲಿ ಒಂದು. ಕೆಲವೇ ವಾರಗಳಲ್ಲಿ ನಮ್ಮ ದೇಶದ ಎಲೆಕ್ಟ್ರಿಕ್ ಗಾಡಿ ತಯಾರಕರಿಗೆ ಮ್ಯಾಗ್ನೆಟ್ ಚಿಂತೆ ಶುರುವಾಯಿತು. ಕೆಲವರು ಉತ್ಪಾದನೆಯನ್ನೇ ತಗ್ಗಿಸಬೇಕಾಯಿತು.

ಆ ಏಳು ಹೆಸರುಗಳನ್ನು ಒಮ್ಮೆ ನೋಡಿ. ಸಮೇರಿಯಂ, ಗ್ಯಾಡೊಲಿನಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ, ಲುಟೀಶಿಯಂ, ಸ್ಕ್ಯಾಂಡಿಯಂ, ಇಟ್ರಿಯಂ. ನಿಯೋಡಿಮಿಯಂ ಪಟ್ಟಿಯಲ್ಲೇ ಇಲ್ಲ! ಹಾಗಿದ್ದರೆ ನಿಯೋಡಿಮಿಯಂ ಮ್ಯಾಗ್ನೆಟ್ ಯಾಕೆ ಸಿಗದಂತಾಯಿತು? ಅದೂ ಅಲ್ಲದೆ ಈ ಲೋಹಗಳಿರುವ ಮರಳು ಕೇರಳ, ತಮಿಳುನಾಡು, ಆಂಧ್ರ, ಒಡಿಶಾದ ಕಡಲತೀರದಲ್ಲಿ ಬಿದ್ದುಕೊಂಡಿದೆ. ನಮ್ಮ ಹತ್ತಿರವೇ ಇದ್ದ ಮೇಲೆ ಪರದಾಟ ಯಾಕೆ? ಪತ್ರಿಕೆಗಳು ಇದನ್ನು ರಾಜಕೀಯವಾಗಿ ವಿವರಿಸುತ್ತವೆ. ಅದು ತಪ್ಪೇನಲ್ಲ. ಆದರೆ ಇದರ ಬೇರು ಪರಮಾಣುವಿನೊಳಗೆ ಎಲೆಕ್ಟ್ರಾನ್‌ಗಳು ಕೂತಿರುವ ರೀತಿಯಲ್ಲಿದೆ. ಮ್ಯಾಗ್ನೆಟ್ಟಿಗೆ ಅಷ್ಟು ಶಕ್ತಿ ಕೊಟ್ಟದ್ದೂ, ಈ ಲೋಹಗಳನ್ನು ಒಂದರಿಂದ ಒಂದು ಬಿಡಿಸುವುದನ್ನು ನರಕಯಾತನೆ ಮಾಡಿದ್ದೂ ಒಂದೇ ಗುಂಪಿನ ಎಲೆಕ್ಟ್ರಾನ್‌ಗಳು.

ಹಳೇ ಕಾಲದ ಮನೆಯೊಂದನ್ನು ನೆನಪಿಸಿಕೊಳ್ಳಿ. ಒಳಗೆ ಕೋಣೆಗಳು, ಹೊರಗೆ ಜಗಲಿ. ಬೀದಿಯವರ ಜೊತೆ ಮಾತುಕತೆ, ಕೊಡು-ಕೊಳ್ಳು, ಜಗಳ ಎಲ್ಲ ನಡೆಯುವುದು ಜಗಲಿಯಲ್ಲಿ. ಪರಮಾಣುವಿನಲ್ಲೂ ಹಾಗೇ. ನಡುವೆ ನ್ಯೂಕ್ಲಿಯಸ್, ಸುತ್ತ ಪದರ ಪದರವಾಗಿ ಎಲೆಕ್ಟ್ರಾನ್‌ಗಳು. ರಸಾಯನಶಾಸ್ತ್ರ ಅಂತ ನಾವು ಕರೆಯುವುದೆಲ್ಲ ಹೊರಗಿನ ಪದರದ ವ್ಯವಹಾರ. ಸೋಡಿಯಂನಲ್ಲಿ 11 ಎಲೆಕ್ಟ್ರಾನ್‌ಗಳಿವೆ. ಒಳಗೆ 2, ನಡುವೆ 8, ಜಗಲಿಯಲ್ಲಿ 1. ಆ ಒಂಟಿಯನ್ನು ಅದು ಸಿಕ್ಕಿದವರಿಗೆ ಕೊಟ್ಟುಬಿಡುತ್ತದೆ. ಕ್ಲೋರಿನ್ ಜಗಲಿಯಲ್ಲಿ 7 ಇವೆ, ಇನ್ನೊಂದು ಸಿಕ್ಕರೆ ಸಾಕು ಅಂತ ಕಾದಿರುತ್ತದೆ. ಇವು ಭೇಟಿಯಾದರೆ ಅಡುಗೆ ಉಪ್ಪು. ಪೊಟ್ಯಾಸಿಯಂ ಜಗಲಿಯಲ್ಲೂ ಒಂದೇ ಇರುವುದು. ಅದಕ್ಕೇ ಸೋಡಿಯಂನಂತೆ ಅದೂ ನೀರಿಗೆ ಬಿದ್ದರೆ ಸಿಡಿಯುತ್ತದೆ.

ಇಲ್ಲಿಯವರೆಗೆ ಹೈಸ್ಕೂಲಿನ ಪಾಠ. ಇನ್ನು ಮುಂದಿನದು ಸ್ವಲ್ಪ ತಿರುವು.

ಪದರಗಳೊಳಗೆ ಕೋಣೆಗಳಿವೆ. ಅವುಗಳ ಹೆಸರು ಎಸ್, ಪಿ, ಡಿ, ಎಫ್. ಎಸ್ ಕೋಣೆಯಲ್ಲಿ 2, ಪಿಯಲ್ಲಿ 6, ಡಿಯಲ್ಲಿ 10, ಎಫ್‌ನಲ್ಲಿ 14 ಎಲೆಕ್ಟ್ರಾನ್‌ಗಳಿಗೆ ಜಾಗ. ಗೋಡೆ ಬಾಗಿಲು ಇರುವ ಕೋಣೆಗಳಲ್ಲ ಇವು, ಬೇರೆ ಬೇರೆ ಆಕಾರದ ಮೋಡಗಳು. ಒಳಗಿನ ಪದರ ಪೂರ್ತಿ ತುಂಬಿದ ಮೇಲೇ ಹೊರಗಿನದು ತುಂಬಬೇಕು ಅನಿಸುತ್ತದೆ ಅಲ್ವಾ? ಹಾಗಾಗುವುದಿಲ್ಲ. ಎಸ್ ಕೋಣೆಯ ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನ ಹತ್ತಿರದವರೆಗೂ ಆಗಾಗ ಹೋಗಿಬರುತ್ತದೆ. ಆದ್ದರಿಂದ ಅದಕ್ಕೆ ಹಿಡಿತ ಜಾಸ್ತಿ. ಎಫ್‌ಗೆ ಆ ಸಲುಗೆ ಇಲ್ಲ. ಹೀಗಾಗಿ ಆರನೇ ಪದರದ ಎಸ್ ಕೋಣೆ ಮೊದಲು ತುಂಬುತ್ತದೆ. ನಾಲ್ಕನೇ ಪದರದ ಎಫ್ ಕೋಣೆ ಖಾಲಿಯಾಗಿಯೇ ಉಳಿದಿರುತ್ತದೆ. ಮನೆಯ ಮುಂದೆ ಜಗಲಿ ಕಟ್ಟಿ ಎರಡು ಜನ ಕೂತಾಯಿತು, ಒಳಕೋಣೆಗೆ ಇನ್ನೂ ಯಾರೂ ಬಂದಿಲ್ಲ ಅನ್ನುವ ಹಾಗೆ.

57ನೇ ಧಾತು ಲ್ಯಾಂಥನಮ್. ಅದರ ನಂತರ ಬರುವ ಒಂದೊಂದು ಧಾತುವಿಗೂ ಒಂದೊಂದು ಹೊಸ ಎಲೆಕ್ಟ್ರಾನ್ ಸೇರುತ್ತದೆ. ಹೆಚ್ಚುಕಮ್ಮಿ ಎಲ್ಲವೂ ಹೋಗಿ ಸೇರುವುದು ಆ ಒಳಕೋಣೆಗೆ, ಅಂದರೆ 4ಎಫ್‌ಗೆ. 71ನೇ ಧಾತು ಲುಟೀಶಿಯಂ ಬರುವಷ್ಟರಲ್ಲಿ ಹದಿನಾಲ್ಕೂ ಜಾಗ ಭರ್ತಿ. ಹೀಗೆ ಹದಿನೈದು ಮನೆಗಳು ಸಾಲಾಗಿ ನಿಂತಿವೆ. ಇವಕ್ಕೆ ಇವನ್ನೇ ಹೋಲುವ ಸ್ಕ್ಯಾಂಡಿಯಂ, ಇಟ್ರಿಯಂ ಸೇರಿದರೆ ರೇರ್ ಅರ್ಥ್ ಗುಂಪು. ಒಳಗಿನ ಜನಸಂಖ್ಯೆ ಬೇರೆ ಬೇರೆ, ಜಗಲಿ ಮಾತ್ರ ಎಲ್ಲದಕ್ಕೂ ಒಂದೇ ಥರ. ಬೀದಿಯಲ್ಲಿ ನಿಂತು ನೋಡುವವನಿಗೆ ಯಾವ ಮನೆ ಯಾರದ್ದು ಅಂತ ಗೊತ್ತಾಗುವುದೇ ಇಲ್ಲ. ರಾಸಾಯನಿಕ ಕ್ರಿಯೆ ಅನ್ನುವುದು ಬೀದಿಯಲ್ಲಿ ನಿಂತವನೇ ತಾನೆ. ಎಲ್ಲವೂ ಮೂರು ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ, ಒಂದೇ ಬಗೆಯ ಲವಣ ಕಟ್ಟುತ್ತವೆ, ಒಂದೇ ಖನಿಜದಲ್ಲಿ ಒತ್ತೊತ್ತಾಗಿ ಸೇರಿಕೊಂಡಿರುತ್ತವೆ. ನಮ್ಮ ಶಾಲೆಯ ಗೋಡೆಯಲ್ಲಿದ್ದ ಆವರ್ತ ಕೋಷ್ಟಕದಲ್ಲಿ ಇವನ್ನು ಕೆಳಗೆ ಬೇರೆ ಸಾಲು ಮಾಡಿ ಹಾಕಿದ್ದರು. "ಅದು ಪರೀಕ್ಷೆಗೆ ಬರಲ್ಲ ಬಿಡ್ರೋ" ಅಂದಿದ್ದರು ಮೇಷ್ಟ್ರು. ಈಗ ದೇಶ ದೇಶಗಳಿಗೇ ಪರೀಕ್ಷೆಯಾಗಿ ಬಂದಿದೆ.

ಈ ಹೋಲಿಕೆ ಎಷ್ಟು ಜನರ ತಲೆ ತಿಂದಿದೆ ನೋಡಿ. 1841ರಲ್ಲಿ ಸ್ವೀಡನ್ನಿನ ಮೊಸಾಂಡರ್ ಒಂದು ಹೊಸ ಧಾತು ಸಿಕ್ಕಿತೆಂದು ಡಿಡಿಮಿಯಂ ಅಂತ ಹೆಸರಿಟ್ಟರು. ಗ್ರೀಕಿನಲ್ಲಿ ಅವಳಿ ಎಂದರ್ಥ. ಲ್ಯಾಂಥನಮ್ಮಿನ ಅವಳಿ ಇದು ಅನ್ನುವುದು ಅವರ ಲೆಕ್ಕ. 44 ವರ್ಷದ ನಂತರ, 1885ರಲ್ಲಿ, ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ ಅದನ್ನು ಒಡೆದು ಅದರಲ್ಲೇ ಎರಡಿವೆ ಎಂದು ತೋರಿಸಿದರು. ಅವೇ ನಿಯೋಡಿಮಿಯಂ ಮತ್ತು ಪ್ರಸಿಯೋಡಿಮಿಯಂ. ಮರುವರ್ಷ ಫ್ರಾನ್ಸಿನ ಬ್ವಾಬೋದ್ರಾನ್ ಇನ್ನೊಂದನ್ನು ಬೇರ್ಪಡಿಸಲು ಮೂವತ್ತಕ್ಕೂ ಹೆಚ್ಚು ಸಲ ಹೆಣಗಾಡಿ, ಕೊನೆಗೆ 'ಕೈಗೆ ಸಿಗದ್ದು' ಎಂಬರ್ಥದ ಡಿಸ್ಪ್ರೋಸಿಯಂ ಹೆಸರಿಟ್ಟರು. ಅಮೆರಿಕದ ಚಾರ್ಲ್ಸ್ ಜೇಮ್ಸ್ ಅವರದಂತೂ ತಪಸ್ಸು. ಶುದ್ಧ ಥುಲಿಯಂಗಾಗಿ ಲವಣವನ್ನು ಕರಗಿಸಿ ಹರಳುಗಟ್ಟಿಸುವ ಕೆಲಸವನ್ನು ಅವರು ಸುಮಾರು 15,000 ಸಲ ಮಾಡಿದರು. 1911ರ ಮಾತು ಇದು.

ವೆಲ್ಸ್‌ಬಾಖ್ ಹೆಸರು ನಮಗೆ ಪರಿಚಯವಿಲ್ಲದಿದ್ದರೂ ಅವರ ಇನ್ನೊಂದು ಕೆಲಸ ಗೊತ್ತು. ಯಕ್ಷಗಾನದ ಆಟಕ್ಕೆ, ಊರ ಮದುವೆಗೆ ಉರಿಯುತ್ತಿದ್ದ ಗ್ಯಾಸ್‌ಲೈಟಿನ ಮ್ಯಾಂಟಲ್, ಅಂದರೆ ಬೆಳಗುವ ಆ ಬಲೆಚೀಲ, ಅವರ ಕಲ್ಪನೆ. ಶೇ. 99 ಥೋರಿಯಂ ಆಕ್ಸೈಡ್, ಶೇ. 1 ಸೀರಿಯಂ ಆಕ್ಸೈಡ್. ಆ ಥೋರಿಯಂಗಾಗಿಯೇ ನಮ್ಮ ಕಡಲತೀರದ ಮರಳು ಮೊದಲು ಸುದ್ದಿಯಾದದ್ದು. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟ್ ಖನಿಜವನ್ನು ಗುರುತಿಸಿದರು. ಮೊನಜೈಟಿನಲ್ಲಿ ಅರ್ಧಕ್ಕಿಂತ ಹೆಚ್ಚು ರೇರ್ ಅರ್ಥ್ ಆಕ್ಸೈಡುಗಳೇ. ಆಗ ಥೋರಿಯಂ ಬೇಕಿತ್ತು, ನಿಯೋಡಿಮಿಯಂ ಯಾರಿಗೂ ಬೇಡವಾಗಿತ್ತು.

ಹದಿನೈದೂ ಒಂದೇ ಥರ ಅಂದೆನಲ್ಲ, ಪೂರ್ತಿ ಒಂದೇ ಥರ ಅಲ್ಲ. ಒಂದು ಸಣ್ಣ ವ್ಯತ್ಯಾಸ ಇದೆ. ಇಡೀ ಉದ್ಯಮ ನಿಂತಿರುವುದು ಅದರ ಮೇಲೇ.

ಧಾತುವಿನಿಂದ ಧಾತುವಿಗೆ ನ್ಯೂಕ್ಲಿಯಸ್ಸಿನ ಸೆಳೆತ ಒಂದೊಂದು ಮೆಟ್ಟಿಲು ಏರುತ್ತದೆ. ಒಳಗಿನ ಎಲೆಕ್ಟ್ರಾನ್‌ಗಳು ಅಡ್ಡ ನಿಂತು ಆ ಸೆಳೆತ ಹೊರಗಿನವರಿಗೆ ತಾಗದಂತೆ ಮರೆ ಮಾಡಬೇಕು. 4ಎಫ್ ಎಲೆಕ್ಟ್ರಾನ್‌ಗಳದು ಹರಕು ಪರದೆ. ಸೆಳೆತ ಅದರ ತೂತುಗಳಿಂದ ಹೊರಗೆ ಹಾಯುತ್ತದೆ. ಇಡೀ ಪರಮಾಣು ಸ್ವಲ್ಪ ಸ್ವಲ್ಪವೇ ಕುಗ್ಗುತ್ತ ಹೋಗುತ್ತದೆ. ಮೂರು ಎಲೆಕ್ಟ್ರಾನ್ ಬಿಟ್ಟುಕೊಟ್ಟ ಲ್ಯಾಂಥನಮ್ಮಿನ ತ್ರಿಜ್ಯ ಸುಮಾರು 103 ಪಿಕೊಮೀಟರ್, ಲುಟೀಶಿಯಂದು 86. ಒಂದು ಪಿಕೊಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಕ್ಕಪಕ್ಕದ ಎರಡು ಧಾತುಗಳ ನಡುವೆ ಇರುವ ಅಂತರ ಸರಾಸರಿ ಸುಮಾರು ಒಂದು ಪಿಕೊಮೀಟರ್. ಪ್ರಸಿಯೋಡಿಮಿಯಂಗೂ ನಿಯೋಡಿಮಿಯಂಗೂ ಅಷ್ಟೂ ಇಲ್ಲ.

ಮೊರದಲ್ಲಿ ಕೇರಿ ಅಕ್ಕಿಯಿಂದ ಹೊಟ್ಟು ತೆಗೆಯಬಹುದು. ಆದರೆ ನೂರಕ್ಕೆ ಒಂದು ಪಾಲು ಮಾತ್ರ ಗಾತ್ರದಲ್ಲಿ ಬೇರೆಯಿರುವ ಎರಡು ತಳಿಯ ಅಕ್ಕಿ ಬೆರೆಸಿ ಕೊಟ್ಟರೆ? ಕಾರ್ಖಾನೆಗಳು ಇದನ್ನು ಹೀಗೆ ಮಾಡುತ್ತವೆ: ಆಮ್ಲದಲ್ಲಿ ಕರಗಿಸಿದ ಲೋಹಗಳ ನೀರನ್ನು ಸೀಮೆಎಣ್ಣೆಯಂಥ ದ್ರವದ ಜೊತೆ ಕಲಕುತ್ತಾರೆ. ಎಣ್ಣೆಯಲ್ಲಿ ಲೋಹವನ್ನು ಹಿಡಿಯುವ ರಾಸಾಯನಿಕ ಬೆರೆಸಿರುತ್ತಾರೆ. ಗಾತ್ರದಲ್ಲಿ ಕೂದಲೆಳೆಯಷ್ಟು ಚಿಕ್ಕದಾದದ್ದು ಎಣ್ಣೆಯ ಕಡೆಗೆ ಒಂದಿಷ್ಟು ಹೆಚ್ಚು ವಾಲುತ್ತದೆ. ಅಷ್ಟೇ ಲಾಭ. ಆ ಎಣ್ಣೆಯನ್ನು ಮುಂದಿನ ತೊಟ್ಟಿಗೆ ಹರಿಸಿ ಮತ್ತೆ ಕಲಕಬೇಕು, ಮತ್ತೆ ತಿಳಿಯಾಗಲು ಬಿಡಬೇಕು. ಹೀಗೆ ನೂರಾರು ತೊಟ್ಟಿಗಳ ಸಾಲು. ಒಂದು ತೊಟ್ಟಿಯಲ್ಲಿ ಆಮ್ಲದ ಹದ ತಪ್ಪಿದರೆ ಸಾಲಿಗೆ ಸಾಲೇ ಏರುಪೇರು.

ಇದನ್ನು ಕೈಹದದಿಂದ ಲೆಕ್ಕದ ವಿದ್ಯೆಗೆ ತಂದವರು ಪೀಕಿಂಗ್ ವಿಶ್ವವಿದ್ಯಾಲಯದ ಶು ಗುವಾಂಗ್‌ಶಿಯಾನ್. 1972ರಲ್ಲಿ ಅವರಿಗೆ ಬಂದ ಕೆಲಸವೇ ಪ್ರಸಿಯೋಡಿಮಿಯಂ ಮತ್ತು ನಿಯೋಡಿಮಿಯಂ ಬಿಡಿಸುವುದು. ಎಷ್ಟು ತೊಟ್ಟಿ ಬೇಕು, ಯಾವ ತೊಟ್ಟಿಗೆ ಎಷ್ಟು ದ್ರವ ಹರಿಯಬೇಕು ಎನ್ನುವುದನ್ನು ಸೂತ್ರದಿಂದಲೇ ಲೆಕ್ಕ ಹಾಕುವ ಸಿದ್ಧಾಂತ ಕಟ್ಟಿದರು. ಸಣ್ಣ ಪ್ರಯೋಗ ಮಾಡಿ ಸೋತು ಕಲಿಯುವ ವರ್ಷಗಳು ಉಳಿತಾಯವಾದವು. ಚೀನಾದ ಹಿಡಿತದ ಬಗ್ಗೆ ಮಾತಾಡುವಾಗ ಎಲ್ಲರೂ ಗಣಿ, ಅಗ್ಗದ ಕೂಲಿ, ಸಡಿಲ ಪರಿಸರ ಕಾನೂನು ಅನ್ನುತ್ತಾರೆ. ಅವೂ ನಿಜ. ಆದರೆ ನನಗೆ ಮುಖ್ಯ ಅನಿಸುವುದು ಈ ಐವತ್ತು ವರ್ಷದ ತೊಟ್ಟಿ ವಿದ್ಯೆ. ಮಣ್ಣು ಯಾರೂ ಅಗೆಯಬಹುದು.

ಎರಡು ಧಾತುಗಳು ಮಾತ್ರ ಈ ಗುಂಪಿನಿಂದ ಸುಲಭವಾಗಿ ಹೊರಬರುತ್ತವೆ. ಕಾರಣ ಮತ್ತೆ ಎಲೆಕ್ಟ್ರಾನ್‌ಗಳೇ. ಸೀರಿಯಂ ನಾಲ್ಕನೇ ಎಲೆಕ್ಟ್ರಾನನ್ನೂ ಬಿಟ್ಟುಕೊಡಬಲ್ಲದು, ಆಗ ಅದರ 4ಎಫ್ ಪೂರ್ತಿ ಖಾಲಿ. ಯೂರೋಪಿಯಂ ಎರಡು ಕೊಟ್ಟು ನಿಲ್ಲಬಲ್ಲದು, ಆಗ ಅದರ 4ಎಫ್ ಸರಿಯಾಗಿ ಅರ್ಧ ತುಂಬಿದ 7. ಪೂರ್ತಿ ಖಾಲಿ, ಅರ್ಧ ಭರ್ತಿ, ಪೂರ್ತಿ ಭರ್ತಿ ಈ ಮೂರು ಸ್ಥಿತಿಗಳು ಎಲೆಕ್ಟ್ರಾನ್‌ಗಳಿಗೆ ನೆಮ್ಮದಿಯವು. ಜಗಲಿಯ ಲೆಕ್ಕ ಬೇರೆಯಾದ ಕೂಡಲೇ ಬೀದಿಯವನಿಗೆ ಗುರುತು ಸಿಕ್ಕಿಬಿಡುತ್ತದೆ. ಸೀರಿಯಂ ಅಗ್ಗ, ಸಿಗರೇಟ್ ಲೈಟರಿನ ಕಿಡಿಕಲ್ಲಿಗೂ ಬಳಸುತ್ತಾರೆ. ಭೂಮಿಯ ಹೊರಪದರದಲ್ಲಿ ಅದು ಹೆಚ್ಚುಕಮ್ಮಿ ತಾಮ್ರದಷ್ಟೇ ಇದೆ. ರೇರ್ ಅನ್ನುವ ಹೆಸರೇ ಸುಳ್ಳು.

ಒಂದು ಅಡ್ಡ ಮಾತು. 72ನೇ ಧಾತು 1922ರವರೆಗೂ ಸಿಕ್ಕಿರಲಿಲ್ಲ. ಫ್ರಾನ್ಸಿನ ಅರ್ಬೇನ್ ಅದು ರೇರ್ ಅರ್ಥ್ ಖನಿಜದಲ್ಲೇ ಇದೆ, ನಾನು ಕಂಡಿದ್ದೇನೆ ಎಂದಿದ್ದರು. ನೀಲ್ಸ್ ಬೋರ್ ತಮ್ಮ ಎಲೆಕ್ಟ್ರಾನ್ ಲೆಕ್ಕ ಹಿಡಿದು ಒಪ್ಪಲಿಲ್ಲ. ಒಳಕೋಣೆ 71ಕ್ಕೇ ಭರ್ತಿಯಾಯಿತು, ಮುಂದಿನದು ಜಗಲಿಯ ಕಡೆ ಹೋಗಲೇಬೇಕು, ಹಾಗಾಗಿ ಅದು ಜಿರ್ಕೋನಿಯಂ ಥರ ಇರಬೇಕು ಅನ್ನುವುದು ಅವರ ವಾದ. ಕೋಪನ್‌ಹೇಗನ್‌ನಲ್ಲಿ ಕೋಸ್ಟರ್ ಮತ್ತು ಹೆವೆಶಿ ಜಿರ್ಕೋನಿಯಂ ಅದಿರಿಗೆ ಎಕ್ಸ್‌ರೇ ಹಾಕಿ ನೋಡಿದರೆ ಅಲ್ಲೇ ಇತ್ತು! ಆ ಡಿಸೆಂಬರಿನಲ್ಲಿ ನೊಬೆಲ್ ಉಪನ್ಯಾಸ ಕೊಡುವಾಗ ಬೋರ್ ಕೊನೆಯಲ್ಲಿ ಈ ಸುದ್ದಿ ಸೇರಿಸಿದರು. ಅದೇ ಹ್ಯಾಫ್ನಿಯಂ. 4ಎಫ್ ಕುಗ್ಗಿಸಿದ್ದರಿಂದ ಅದರ ಗಾತ್ರ ಜಿರ್ಕೋನಿಯಂನಷ್ಟೇ ಆಗಿಬಿಟ್ಟಿದೆ, ಎರಡೂ ಒಟ್ಟಿಗೇ ಇರುತ್ತವೆ. ಕೈಗಾದಂಥ ಅಣುಸ್ಥಾವರದಲ್ಲಿ ಇಂಧನ ತುಂಬುವ ಕೊಳವೆ ಜಿರ್ಕೋನಿಯಂ ಮಿಶ್ರಲೋಹದ್ದು. ಹ್ಯಾಫ್ನಿಯಂ ಜಿರ್ಕೋನಿಯಂಗಿಂತ ನೂರಾರು ಪಟ್ಟು ಹೆಚ್ಚು ನ್ಯೂಟ್ರಾನ್ ನುಂಗುತ್ತದೆ. ಅದನ್ನು ಬಿಡಿಸಿ ತೆಗೆಯದೆ ಆ ಕೊಳವೆ ಕೆಲಸಕ್ಕೆ ಬರುವುದಿಲ್ಲ. ಅಲ್ಲೂ ಇದೇ ತೊಟ್ಟಿ ಸಾಲಿನ ಕೆಲಸ.

ಈಗ ಮ್ಯಾಗ್ನೆಟ್ಟಿಗೆ ಬರೋಣ. ಒಂದು ಎಲೆಕ್ಟ್ರಾನ್ ಎಂದರೆ ಒಂದು ಪುಟ್ಟ ಮ್ಯಾಗ್ನೆಟ್. ಜೋಡಿಯಾದರೆ ಒಂದರ ಎದುರು ಒಂದು ನಿಂತು ಪರಿಣಾಮ ಸೊನ್ನೆ. ಒಂಟಿಗಳಿದ್ದರೆ ಮಾತ್ರ ಉಳಿಯುತ್ತದೆ. ಸಾಮಾನ್ಯವಾಗಿ ಪರಮಾಣುಗಳು ಬಂಧ ಕಟ್ಟುವಾಗ ಒಂಟಿ ಎಲೆಕ್ಟ್ರಾನ್‌ಗಳು ಜೋಡಿಯಾಗಿಬಿಡುತ್ತವೆ. 4ಎಫ್‌ನವು ಒಳಕೋಣೆಯಲ್ಲಿರುವುದರಿಂದ ಬೀದಿಯ ಗದ್ದಲ ಅವಕ್ಕೆ ತಟ್ಟುವುದಿಲ್ಲ. ನಿಯೋಡಿಮಿಯಂ ಲೋಹವಾಗಿ ಯಾರ ಜೊತೆ ಸೇರಿದರೂ ಅದರ ಮೂರು 4ಎಫ್ ಎಲೆಕ್ಟ್ರಾನ್‌ಗಳು ಒಂಟಿಯಾಗಿಯೇ ಇರುತ್ತವೆ.

ಹಾಗಂತ ಹಾರ್ಡ್‌ಡಿಸ್ಕ್ ಮ್ಯಾಗ್ನೆಟ್ಟಿನ ಬಲವೆಲ್ಲ ನಿಯೋಡಿಮಿಯಂದೇ ಅಂದುಕೊಳ್ಳಬೇಡಿ. ಎಳೆಯುವ ಎತ್ತು ಕಬ್ಬಿಣ. ಆದರೆ ಬರೀ ಕಬ್ಬಿಣದ ಮೊಳೆಗೆ ಕಾಂತತೆ ಬಂದಷ್ಟೇ ಸಲೀಸಾಗಿ ಹೋಗುತ್ತದೆ, ದಿಕ್ಕು ನಿಲ್ಲುವುದಿಲ್ಲ. ನಿಯೋಡಿಮಿಯಂ ಇಲ್ಲಿ ಗೂಟ. ಅದರ 4ಎಫ್ ಮೋಡ ಅಂಬೊಡೆಯಂತೆ ಚಪ್ಪಟೆ. ಹರಳಿನೊಳಗೆ ಅದು ಒಂದೇ ಭಂಗಿಯಲ್ಲಿ ಆರಾಮಾಗಿ ಕೂರುತ್ತದೆ. ಅದರ ಕಾಂತ ದಿಕ್ಕು ಆ ಭಂಗಿಗೆ ಕಟ್ಟಿಹಾಕಿದ್ದು, ಕಬ್ಬಿಣದ ದಿಕ್ಕು ಅದಕ್ಕೆ ಕಟ್ಟಿಹಾಕಿದ್ದು. ಹೀಗೆ ಎತ್ತು ಗೂಟ ಬಿಟ್ಟು ಹೋಗುವುದಿಲ್ಲ. 1983ರಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆ ಬೇರೆಯಾಗಿ ಇದೇ ಮ್ಯಾಗ್ನೆಟ್ ಮಾಡಿ ಜಗತ್ತಿಗೆ ತೋರಿಸಿದರು. ಅದಕ್ಕೂ ಮುಂಚೆ ಸಮೇರಿಯಂ-ಕೋಬಾಲ್ಟ್ ಮ್ಯಾಗ್ನೆಟ್ ಇತ್ತು. 1978ರಲ್ಲಿ ಆಫ್ರಿಕಾದ ಜೈರ್ (ಈಗಿನ ಡಿ.ಆರ್. ಕಾಂಗೊ) ದೇಶದ ಗಲಭೆಯಿಂದ ಕೋಬಾಲ್ಟ್ ಬೆಲೆ ಏರಿ, ಕಬ್ಬಿಣದ ಕಡೆ ಎಲ್ಲರ ಕಣ್ಣು ತಿರುಗಿತ್ತು.

ಈ ಮ್ಯಾಗ್ನೆಟ್ಟಿಗೆ ಒಂದು ದೌರ್ಬಲ್ಯ ಇದೆ, ಶಾಖ. ಸಾಮಾನ್ಯ ದರ್ಜೆಯದು 80 ಡಿಗ್ರಿ ದಾಟಿದರೆ ಸೋಲಲು ಶುರು. ಕಾರಿನ ಮೋಟರು 150 ಡಿಗ್ರಿ ತನಕ ಕಾಯಬಹುದು. ಆಗ ಗೂಟ ಅಲುಗಾಡುತ್ತದೆ. ಅದನ್ನು ಬಿಗಿ ಮಾಡಲು ಸ್ವಲ್ಪ ನಿಯೋಡಿಮಿಯಂ ತೆಗೆದು ಆ ಜಾಗಕ್ಕೆ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಹಾಕುತ್ತಾರೆ. ತಮಾಷೆಯೆಂದರೆ ಡಿಸ್ಪ್ರೋಸಿಯಂನ ಕಾಂತತೆ ಕಬ್ಬಿಣಕ್ಕೆ ಎದುರು ದಿಕ್ಕಿನಲ್ಲಿ ನಿಲ್ಲುತ್ತದೆ, ಹಾಗಾಗಿ ಮ್ಯಾಗ್ನೆಟ್ಟಿನ ಒಟ್ಟು ಬಲ ಕೊಂಚ ಇಳಿಯುತ್ತದೆ. ಬಲ ಕೊಟ್ಟು ಹಟ ಕೊಳ್ಳುವ ವ್ಯಾಪಾರ ಇದು.

ಚೀನಾದ ಪಟ್ಟಿಯಲ್ಲಿ ನಿಯೋಡಿಮಿಯಂ ಇಲ್ಲದೆಯೂ ಮೋಟರುಗಳು ನಿಂತದ್ದು ಹೀಗೆ. ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿದ ಮ್ಯಾಗ್ನೆಟ್ಟುಗಳೂ ಲೈಸೆನ್ಸಿನಡಿ ಬಂದವು. ಚಿಟಿಕೆ ಮಸಾಲೆ ತಡೆದರೆ ಹಂಡೆ ಅಡುಗೆಯೂ ನಿಂತಿತು. ಅಕ್ಟೋಬರಿನಲ್ಲಿ ಇನ್ನೂ ಐದು ಲೋಹಗಳನ್ನು ಸೇರಿಸಲು ಹೊರಟ ಚೀನಾ, ಅಮೆರಿಕದ ಜೊತೆ ಮಾತುಕತೆಯಾದ ಮೇಲೆ ಆ ಹೊಸ ನಿರ್ಬಂಧವನ್ನು ಒಂದು ವರ್ಷ ಮುಂದೂಡಿತು. ಏಪ್ರಿಲ್ಲಿನ ಏಳು ಹಾಗೇ ಉಳಿದವು.

ನಮ್ಮ ಕಡೆಯ ಲೆಕ್ಕ ನೋಡಿ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಪ್ರಕಾರ ಭಾರತದ ನಿಕ್ಷೇಪ 69 ಲಕ್ಷ ಟನ್. 2024ರ ಉತ್ಪಾದನೆ 2,900 ಟನ್. ಚೀನಾದ್ದು 2,70,000 ಟನ್. ಸರ್ಕಾರಿ ಕಂಪನಿ ಇಂಡಿಯನ್ ರೇರ್ ಅರ್ಥ್ಸ್ ಹುಟ್ಟಿದ್ದು 1950ರಲ್ಲಿ, ಕೇರಳದ ಆಲುವಾದಲ್ಲಿ ಅದರ ಘಟಕ 1952ರಲ್ಲೇ ಶುರುವಾಯಿತು. ಅಂದರೆ ನಾವು ತಡವಾಗಿ ಹೊರಟವರಲ್ಲ. ಮೊನಜೈಟಿನಲ್ಲಿ ಥೋರಿಯಂ ಇರುವುದರಿಂದ ಅದು ಅಣುಖನಿಜ, ಕಟ್ಟುಪಾಡು ಜಾಸ್ತಿ. ಮರಳು ತೆಗೆಯುವುದಕ್ಕೆ ಕೊಲ್ಲಂ, ಕನ್ಯಾಕುಮಾರಿ ಕಡೆಯ ಮೀನುಗಾರರ ವಿರೋಧವೂ ಇದೆ. ಊರಿನ ದಂಡೆಯೇ ಕೊಚ್ಚಿಹೋಗುವ ಭಯ ಅವರದು, ಅದನ್ನು ಅಭಿವೃದ್ಧಿ ವಿರೋಧ ಅಂತ ತಳ್ಳಿಹಾಕುವುದು ಸರಿಯಲ್ಲ.

2025ರ ನವೆಂಬರ್ 26ರಂದು ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಮ್ಯಾಗ್ನೆಟ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಮಾಡುವ ಸಾಮರ್ಥ್ಯ ಕಟ್ಟುವುದು ಗುರಿ. ಆಕ್ಸೈಡಿನಿಂದ ಲೋಹ, ಲೋಹದಿಂದ ಮಿಶ್ರಲೋಹ, ಅದರಿಂದ ಮ್ಯಾಗ್ನೆಟ್, ಇಷ್ಟೂ ಹಂತ ಇಲ್ಲೇ ಆಗಬೇಕು. ಒಳ್ಳೆಯದೇ. ನನ್ನ ಅನುಮಾನ ಅದರ ಹಿಂದಿನ ಹಂತದ ಬಗ್ಗೆ. ಮ್ಯಾಗ್ನೆಟ್ಟಿನ ತೂಕದಲ್ಲಿ ಸುಮಾರು ಶೇ. 30 ರೇರ್ ಅರ್ಥ್. 6,000 ಟನ್ನಿಗೆ 1,800 ಟನ್ ಆಯಿತು, ಅದರಲ್ಲಿ ಬಹುಪಾಲು ನಿಯೋಡಿಮಿಯಂ ಮತ್ತು ಪ್ರಸಿಯೋಡಿಮಿಯಂ. ಮೊನಜೈಟಿನ ರೇರ್ ಅರ್ಥ್‌ನಲ್ಲಿ ಇವೆರಡೂ ಸೇರಿ ನಾಲ್ಕನೇ ಒಂದು ಪಾಲು ಮಾತ್ರ, ಉಳಿದದ್ದು ಹೆಚ್ಚಾಗಿ ಸೀರಿಯಂ, ಲ್ಯಾಂಥನಮ್. 2024ರ ಆ 2,900 ಟನ್ನಿನಲ್ಲಿ ಎಷ್ಟು ಸಿಗುತ್ತದೆ ಅಂತ ನೀವೇ ಗುಣಿಸಿ ನೋಡಿ. ಡಿಸ್ಪ್ರೋಸಿಯಂ ನಮ್ಮ ಮರಳಿನಲ್ಲಿ ತೀರಾ ಕಡಿಮೆ. ಅದು ದಂಡಿಯಾಗಿ ಸಿಗುವುದು ದಕ್ಷಿಣ ಚೀನಾದ ಜೇಡಿಮಣ್ಣಿನಲ್ಲಿ, ಮ್ಯಾನ್ಮಾರಿನ ಕಚಿನ್ ಬೆಟ್ಟಗಳಲ್ಲಿ. ಕಾರ್ಖಾನೆ ಕಟ್ಟಲು ಎರಡು ವರ್ಷ ಸಾಕು. ತೊಟ್ಟಿಗಳ ಮುಂದೆ ನಿಂತು ಹದ ಹೇಳುವ ಜನ ತಯಾರಾಗಲು ಅಷ್ಟು ಸಾಲದು.

ಮ್ಯಾಗ್ನೆಟ್ಟೇ ಇಲ್ಲದ ಮೋಟರು ಬಳಸಬಾರದೇ ಅಂತ ಕೇಳುವವರಿದ್ದಾರೆ. ಖಂಡಿತ ಬಳಸಬಹುದು. ನಮ್ಮ ತೋಟಗಳ ಬೋರ್‌ವೆಲ್ ಮೋಟರುಗಳು ಬಹುತೇಕ ಇಂಡಕ್ಷನ್ ಮೋಟರುಗಳೇ, ಅವುಗಳಲ್ಲಿ ಕಾಯಂ ಮ್ಯಾಗ್ನೆಟ್ ಇಲ್ಲ. ಸ್ಪೀಕರಿನ ಹಿಂದೆ ಇರುವ ಕಪ್ಪು ಫೆರೈಟ್ ಮ್ಯಾಗ್ನೆಟ್ ಬಳಸಿಯೂ ಮೋಟರು ಮಾಡುತ್ತಾರೆ. ಆದರೆ ಫೆರೈಟಿನ ಶಕ್ತಿ ನಿಯೋಡಿಮಿಯಂನ ಹತ್ತನೇ ಒಂದು ಪಾಲಿನ ಆಸುಪಾಸು. ಅದೇ ಕೆಲಸಕ್ಕೆ ದೊಡ್ಡ ಮೋಟರು, ಜಾಸ್ತಿ ತೂಕ. ಬೋರ್‌ವೆಲ್‌ಗೆ ಅದು ಸಮಸ್ಯೆಯಲ್ಲ. ಸ್ಕೂಟರಿಗೆ ತೂಕ ಎಂದರೆ ಬ್ಯಾಟರಿ, ಬ್ಯಾಟರಿ ಎಂದರೆ ದುಡ್ಡು.

ಹಾರ್ಡ್‌ಡಿಸ್ಕಿನ ಒಂದು ಬಿಲ್ಲೆಯನ್ನು ಹಳೇ ತವಾ ಮೇಲಿಟ್ಟು ಒಲೆ ಹಚ್ಚಿ ನೋಡಿದೆ. ಕಾಲು ಗಂಟೆ ಚೆನ್ನಾಗಿ ಕಾಯಿಸಿ, ಆರಲು ಬಿಟ್ಟೆ. ನೋಡಲು ಮೊದಲಿನ ಹಾಗೇ ಇತ್ತು, ಮೇಲಿನ ನಿಕ್ಕಲ್ ಲೇಪ ಮಾತ್ರ ಸ್ವಲ್ಪ ಕಂದಿತ್ತು. ಗುಂಡುಸೂಜಿಯನ್ನೂ ಸರಿಯಾಗಿ ಹಿಡಿಯಲಿಲ್ಲ. ಒಳಗೆ ಒಂದೊಂದು ನಿಯೋಡಿಮಿಯಂನಲ್ಲೂ ಆ ಮೂರು ಎಲೆಕ್ಟ್ರಾನ್‌ಗಳು ಇದ್ದೇ ಇವೆ. ಎತ್ತುಗಳು ದಿಕ್ಕಾಪಾಲಾಗಿವೆ ಅಷ್ಟೇ.

ಇಂಥ ಗುಜರಿಯಿಂದ ಲೋಹ ವಾಪಸ್ ತೆಗೆಯಲು ಕೇಂದ್ರ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ 1,500 ಕೋಟಿ ರೂಪಾಯಿಯ ಯೋಜನೆ ಮಾಡಿದೆ. ಕಾಯಿಸದೆ ಉಳಿದ ಇನ್ನೊಂದು ಬಿಲ್ಲೆ, ಅದರ ಕಬ್ಬಿಣದ ತಗಡು, ಹಾರ್ಡ್‌ಡಿಸ್ಕಿನ ಅಲ್ಯೂಮಿನಿಯಂ ಪೆಟ್ಟಿಗೆ ಎಲ್ಲವನ್ನೂ ಕಳೆದ ವಾರ ನಮ್ಮ ಬೀದಿಗೆ ಬರುವ ಗುಜರಿಯವರಿಗೆ ಕೊಟ್ಟೆ. ಅವರು ಅಲ್ಯೂಮಿನಿಯಂ ತೂಗಿ ದುಡ್ಡು ಎಣಿಸಿ ಕೊಟ್ಟರು. ಬಿಲ್ಲೆಯನ್ನು ತಕ್ಕಡಿಯಿಂದ ಎರಡೂ ಕೈಯಲ್ಲಿ ಕಿತ್ತು ನನ್ನ ಕೈಗೇ ವಾಪಸ್ ಇಟ್ಟರು. "ಇದು ಬ್ಯಾಡ ಸಾರ್, ತಕ್ಕಡಿಗೇ ಅಂಟ್ಕೊಳ್ತದೆ."